ಬೀಗದಕ್ಕ ಮತ್ತು ಎಡಗೈ ಬ್ರೇಕು

ಗಾಲಿಕುರ್ಚಿ ಕಾರ್ಖಾನೆಯ ಉಗ್ರಾಣದ ಬಾಗಿಲಲ್ಲಿ ನಿಂತು “ಅಕ್ಕಾ, ನಾಲ್ಕು ಬೋಲ್ಟು ಕೊಡಿ” ಎಂದು ಯಾರಾದರೂ ಕೇಳಿದರೆ, ಒಳಗಿನಿಂದ ಮೊದಲು ಬರುತ್ತಿದ್ದದ್ದು ಬೋಲ್ಟಲ್ಲ, ಪ್ರಶ್ನೆ. “ಯಾಕೆ? ನಿನ್ನೆ ಕೊಟ್ಟಿದ್ದು ತಿಂದ್ಯಾ?” ಆಮೇಲೆ ಕೀಲಿಗೊಂಚಲಿನ ಸದ್ದು. ಆಮೇಲೆ ಚೀಟಿ, ಚೀಟಿಗೆ ಸಹಿ, ಆ ಸಹಿ ಸರಿಯಿಲ್ಲವೆಂದು ಇನ್ನೊಂದು ಸಹಿ. ಇಷ್ಟಾದ ಮೇಲೆ ಬೋಲ್ಟು. ಅದೂ ನಾಲ್ಕು ಕೇಳಿದರೆ ಮೂರು.

ಸೊಂಟದಲ್ಲಿ ಮೂವತ್ತೊಂದು ಕೀಲಿ ಸಿಕ್ಕಿಸಿಕೊಂಡು ಓಡಾಡುವ ಈ ಹೆಂಗಸಿಗೆ ಕಾರ್ಖಾನೆ ಇಟ್ಟ ಹೆಸರು ಬೀಗದಕ್ಕ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಹತ್ತೊಂಬತ್ತನೆಯ ವಯಸ್ಸಿಗೆ ಗಾಲಿ ವಿಭಾಗದಲ್ಲಿ ಚಕ್ರಕ್ಕೆ ಕಡ್ಡಿ ಪೋಣಿಸುವ ಕೆಲಸಕ್ಕೆ ಸೇರಿದವಳು. ಸಂಜೆ ಮಿಕ್ಕ ಕಡ್ಡಿಗಳನ್ನು ಯಾರೂ ಕೇಳದಿದ್ದರೂ ಎಣಿಸಿ ವಾಪಸು ತಂದುಕೊಡುತ್ತಿದ್ದ ಹುಡುಗಿಯನ್ನು ಕಂಡು ಆಗಿನ ಉಗ್ರಾಣದ ಮುದುಕನಿಗೆ ಕಣ್ಣು ತುಂಬಿ ಬಂದಿತ್ತಂತೆ. ಇಂಥವರು ಭೂಮಿಯ ಮೇಲೆ ಇದ್ದಾರೆಂದೇ ಅವನು ನಂಬಿರಲಿಲ್ಲ. ನಿವೃತ್ತನಾಗುವ ದಿನ ಕೀಲಿಗೊಂಚಲನ್ನು ಅವಳ ಕೈಗಿಟ್ಟು, “ಏನಾದ್ರೂ ಆಗ್ಲಿ ಮಗಳೇ, ಖಾನೆ ಮಾತ್ರ ಖಾಲಿ ಆಗೋಕೆ ಬಿಡ್ಬೇಡ” ಎಂದ.

ಅವಳು ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಬಿಡಲಿಲ್ಲ. ಉಗ್ರಾಣದ ಗೋಡೆಯ ಕಪ್ಪು ಹಲಗೆಯ ಮೇಲೆ ನೂರಾ ಎಂಬತ್ತು ಸಾಮಾನುಗಳ ಪಟ್ಟಿ, ಪ್ರತಿಯೊಂದರ ಮುಂದೆ ಇವತ್ತಿಗೆ ಎಷ್ಟಿದೆಯೆಂಬ ಅಂಕಿ. ಯಾವ ಸಾಲಿನಲ್ಲೂ ಒಂದು ದಿನವೂ ಸೊನ್ನೆ ಬಿದ್ದದ್ದಿಲ್ಲ. ಈ ಮಾತನ್ನು ಹೊಸಬರಿಗೆ ಹೇಳುವಾಗ ಅವಳ ಮುಖ ನೋಡಬೇಕು, ಮಗನಿಗೆ ರ್‍ಯಾಂಕ್ ಬಂದ ತಾಯಿಯ ಹಾಗಿರುತ್ತಿತ್ತು. ಮನೆಯಲ್ಲೂ ಇದೇ ಕತೆ. ಸಕ್ಕರೆ ಡಬ್ಬಿಯಲ್ಲಿ ಇನ್ನೂ ಒಂದು ಹಿಡಿ ಇರುವಾಗಲೇ “ಸಕ್ಕರೆ ಮುಗೀತು” ಎಂದು ಘೋಷಣೆಯಾಗಿ, ಇಡೀ ಮನೆ ಸಪ್ಪೆ ಚಹಾ ಕುಡಿಯುತ್ತಿತ್ತು.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಮೂರು ಜನ. ಬೀಗದಕ್ಕ, ಅವಳ ಗಂಡ, ಗಂಡನ ತಂಗಿ. ಮೂವರೂ ಅದೇ ಕಾರ್ಖಾನೆ. ಗಂಡ ಚೌಕಟ್ಟು ವಿಭಾಗದ ಮುಖ್ಯಸ್ಥ, ಪೈಪು ಬಗ್ಗಿಸುವುದರಲ್ಲಿ ಎತ್ತಿದ ಕೈ. ಎಲ್ಲರೂ ಪೈಪ್ ಮೇಸ್ತ್ರಿ ಎನ್ನುತ್ತಿದ್ದರು. ನಾದಿನಿ ಹೊಲಿಗೆ ವಿಭಾಗದಲ್ಲಿ ಕುರ್ಚಿಯ ಸೀಟು ಹೊಲಿಸುವವಳು. ಬೆಳಿಗ್ಗೆ ಮೂವರೂ ಒಂದೇ ಬಾಗಿಲಿಂದ ಹೊರಟು, ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಮೂರು ಬೇರೆ ಬೇರೆ ದೇಶದ ಪ್ರಜೆಗಳಾಗುತ್ತಿದ್ದರು.

ತಪ್ಪು ಅವರದಲ್ಲ. ದೊಡ್ಡ ಯಜಮಾನರು ಹತ್ತು ವರ್ಷದ ಹಿಂದೆ ಪ್ರತಿ ವಿಭಾಗಕ್ಕೂ ಒಂದು ಹಲಗೆ, ಒಂದು ಗುರಿ ಕೊಟ್ಟಿದ್ದರು. ತಿಂಗಳಿಗೆ ಇಷ್ಟು ಚೌಕಟ್ಟು, ಇಷ್ಟು ಚಕ್ರ, ಇಷ್ಟು ಸೀಟು. ಗುರಿ ಮುಟ್ಟಿದವರ ಹಲಗೆಗೆ ಹಸಿರು ಬಣ್ಣದಲ್ಲಿ ದುಂಡನೆಯ ಗುರುತು. ಹಸಿರು ಗುರುತು ಬಿದ್ದ ವಿಭಾಗದವರು ಊಟದ ಹೊತ್ತಿಗೆ ಎದೆ ಸೆಟೆಸಿ ನಡೆಯುತ್ತಿದ್ದರು, ಬೀಳದವರು ಗೋಡೆ ಪಕ್ಕ. ಪೈಪ್ ಮೇಸ್ತ್ರಿಗೆ ಸತತ ಏಳು ತಿಂಗಳು ಹಸಿರು. ಅವನಿಗೆ ಆ ಗುರುತಿನ ಮೇಲೆ ಇದ್ದ ಪ್ರೀತಿ ಹೆಂಡತಿಯ ಮೇಲೆ ಇತ್ತೋ ಇಲ್ಲವೋ, ಅದು ಬೇರೆ ವಿಷಯ.

ಹೀಗಿರುವಾಗ ಮಕ್ಕಳ ಆಸ್ಪತ್ರೆಯೊಂದು ನೂರಿಪ್ಪತ್ತು ಕುರ್ಚಿ ಬೇಕೆಂದು ಹೇಳಿತು. ನಲವತ್ತು ದಿನದ ಗಡುವು. ಹಿಂದಿನ ಎರಡು ಕೆಲಸಗಳೂ ತಡವಾಗಿ ಹೋಗಿ ಮರ್ಯಾದೆ ಹೋಗಿತ್ತು. ಇಪ್ಪತ್ತನೆಯ ದಿನ ಯಜಮಾನರು ಗೇಟಿನ ಬಳಿ ಎಲ್ಲರನ್ನೂ ನಿಲ್ಲಿಸಿ, ಸುತ್ತಿ ಬಳಸದೆ ಹೇಳಿದರು. “ಇದೂ ತಡ ಆದ್ರೆ ಮುಗೀತು. ತಯಾರಿಕೆ ನಿಲ್ಲಿಸ್ತೀನಿ. ಹೊರಗಿಂದ ರೆಡಿ ಕುರ್ಚಿ ತರಿಸಿ ಮಾರ್ತೀನಿ. ಉಗ್ರಾಣ ಒಂದು ಇದ್ರೆ ಸಾಕು ನನಗೆ.”

ಅರವತ್ತೆರಡು ಜನ ಒಮ್ಮೆಗೇ ಬೀಗದಕ್ಕನ ಕಡೆ ನೋಡಿದರು. ಗಾಲಿ ವಿಭಾಗದ ಮುಖ್ಯಸ್ಥ ಗಾಲಿ ಮೇಸ್ತ್ರಿ, ದಪ್ಪ ಮೀಸೆಯವನು, “ನಿಮಗೇನಕ್ಕಾ, ನೀವು ಬಚಾವು” ಎಂದ. ಆ ಮಾತು ಅವಳ ಎದೆಗೆ ಚುಚ್ಚಿತು. ಮೂವತ್ತು ವರ್ಷ ಪೈಪು ಬಗ್ಗಿಸಿದ ಗಂಡ, ಐವತ್ತೈದು ದಾಟಿದವನು, ಇನ್ನು ಯಾರ ಬಾಗಿಲು ತಟ್ಟಬೇಕು? ಸೂಜಿ ಬಿಟ್ಟರೆ ಬೇರೆ ಹಿಡಿಯದ ನಾದಿನಿ ಎಲ್ಲಿಗೆ ಹೋಗಬೇಕು? ತಾನೊಬ್ಬಳೇ ಬೆಳಿಗ್ಗೆ ಎದ್ದು ಈ ಗೇಟಿಗೆ ಬರಬೇಕೆ?

ಯಜಮಾನರ ಮಗಳು ಆಗ ತಾನೇ ಏನೋ ದೊಡ್ಡ ಓದು ಮುಗಿಸಿ ಬಂದಿದ್ದಳು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವಳು ಅಪ್ಪನ ಕೈಕಾಲು ಹಿಡಿದು ಉಳಿದ ಇಪ್ಪತ್ತು ದಿನ ತನಗೆ ಬಿಡಲು ಒಪ್ಪಿಸಿದಳು. ಮಾರನೆಯ ದಿನ ಊಟದ ಕೋಣೆಯ ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡ ಹಾಳೆ. ಅದರ ಮೇಲೆ, “ನಮ್ಮ ಕಾರ್ಯತಂತ್ರ: ಸಮನ್ವಯ, ಸಾಮರ್ಥ್ಯ, ಸಂತೃಪ್ತಿ.” ಮೇಡಂ ಅರ್ಧ ಗಂಟೆ ವಿವರಿಸಿದಳು, ಪಾಪ, ಗಂಟಲು ಒಣಗುವವರೆಗೆ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದಕ್ಕೆ ಏನು, ಅದಕ್ಕೆ ಚೀಟಿ ಬೇಕಾ?

“ಏನಾದ್ರೂ ಕೇಳೋದಿದ್ಯಾ?” ಎಂದಳು ಮೇಡಂ.

ಹಿಂದಿನಿಂದ ಕೀಲಿಗಳ ಸದ್ದಾಯಿತು. “ಎಲ್ಲಾ ಸರಿ ಮೇಡಂ. ಇದರಲ್ಲಿ ಕುರ್ಚಿ ಎಲ್ಲಿದೆ?”

ಕೋಣೆಯಲ್ಲಿ ನಗು ಎದ್ದಿತು. ಮೇಡಂ ಮುಖ ಕೆಂಪಾಯಿತು. ಪೈಪ್ ಮೇಸ್ತ್ರಿ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಆದರೆ ಅವಳು ಕುಹಕಕ್ಕೆ ಕೇಳಿರಲಿಲ್ಲ, ನಿಜವಾಗಿಯೇ ಹುಡುಕಿದ್ದಳು. ಅದು ಮೇಡಂಗೂ ತಿಳಿದಿರಬೇಕು. ಊಟ ಮುಗಿದದ್ದೇ ಉಗ್ರಾಣಕ್ಕೆ ಬಂದು ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಕೂತಳು. “ನೀವೇ ಹೇಳಿ ಅಕ್ಕಾ. ಎಲ್ಲಿ ತಪ್ತಿದೆ?”

ಅಲ್ಲಿಯವರೆಗೆ ಬೀಗದಕ್ಕನನ್ನು ಯಾರೂ ಏನನ್ನೂ ಕೇಳಿದ್ದಿಲ್ಲ, ಬೋಲ್ಟು ಬಿಟ್ಟು. ಅವಳು ಮೇಡಂ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ತಗಡಿನ ಮಾಡಿನ ಕೆಳಗೆ ಚೌಕಟ್ಟುಗಳ ರಾಶಿ, ಎಲ್ಲವೂ ಪುಟಾಣಿ ಅಳತೆಯವು. ಪಕ್ಕದಲ್ಲಿ ಚಕ್ರಗಳ ರಾಶಿ, ಎಲ್ಲವೂ ಭಾರಿ ಗಾತ್ರದವು. ಅದರಾಚೆ ಮೂಟೆ ಮೂಟೆ ಸೀಟು, ಎಲ್ಲವೂ ಮಧ್ಯಮ.

“ಚಿಕ್ಕ ಚೌಕಟ್ಟು ಬೇಗ ಆಗತ್ತೆ ಮೇಡಂ, ಅದಕ್ಕೆ ನಮ್ಮನೆಯವ್ರು ಚಿಕ್ಕದೇ ಮಾಡ್ತಾರೆ. ಗಾಲಿ ಮೇಸ್ತ್ರಿಗೆ ದೊಡ್ಡ ಚಕ್ರ ಸುಲಭ, ಸಣ್ಣದ್ರಲ್ಲಿ ಬೆರಳು ಹೋಗಲ್ಲ. ಮಧ್ಯದ ಅಳತೆ ಕತ್ತರಿಸಿದ್ರೆ ಬಟ್ಟೆ ದಂಡ ಆಗಲ್ಲ ಅಂತ ನಮ್ಮ ನಾದಿನಿ ಲೆಕ್ಕ. ಮೂರೂ ಹಲಗೆ ಹಸಿರು. ಮೂರನ್ನೂ ಸೇರಿಸಿ ಕುರ್ಚಿ ಮಾಡಿದ್ರೆ ಕೂರೋಕೆ ಯಾವ ಪ್ರಾಣಿ ತರ್ತೀರಾ ಹೇಳಿ?”

ಮೇಡಂ ನಗಲು ಹೋಗಿ ನಿಲ್ಲಿಸಿದಳು. ಇಪ್ಪತ್ತು ದಿನದಲ್ಲಿ ಪೂರ್ತಿಯಾಗಿದ್ದ ಕುರ್ಚಿ ಹನ್ನೊಂದು.

“ನಮ್ಮನೇಲೂ ಹಿಂಗೇ ಆಗಿತ್ತು,” ಎಂದಳು ಬೀಗದಕ್ಕ. “ಒಂದಿನ ಮೂರು ಜನಾನೂ ಬರ್ತಾ ದಾರೀಲಿ ಟೊಮೆಟೊ ತಂದ್ವಿ. ಅಗ್ಗವಾಗಿತ್ತು. ಮೂರು ಚೀಲ ಟೊಮೆಟೊ, ಒಂದು ಹಿಡಿ ಅಕ್ಕಿ ಇಲ್ಲ. ಯಾರದ್ದೂ ತಪ್ಪಲ್ಲ ನೋಡಿ, ಎಲ್ಲರೂ ಕಷ್ಟಪಟ್ಟು ಹೊತ್ಕೊಂಡೇ ಬಂದಿದ್ವಿ. ಆವತ್ತಿಂದ ಅಡುಗೆಮನೆ ಬಾಗಿಲಿಗೆ ಚೀಟಿ ಅಂಟಿಸ್ತೀನಿ, ನಾಳೆ ಏನು ಅಡುಗೆ ಅಂತ. ಅಷ್ಟೇ. ಅಡುಗೆ ಏನು ಅಂತ ಗೊತ್ತಾದ್ರೆ ಏನು ತರಬೇಕು ಅಂತ ಯಾರಿಗೂ ಹೇಳ್ಬೇಕಾಗಲ್ಲ.”

ಮೇಡಂ ಬಾಗಿ ಚಕ್ರವೊಂದನ್ನು ಪುಟಾಣಿ ಚೌಕಟ್ಟಿಗೆ ಹಿಡಿದು ನೋಡಿದಳು. ಆಮೇಲೆ ಕಚೇರಿಗೆ ಹೋಗಿ ಆಸ್ಪತ್ರೆಯವರು ಕಳಿಸಿದ್ದ ಕಡತ ತಂದಳು. ಅದರೊಳಗೆ ನೂರಿಪ್ಪತ್ತು ಮಕ್ಕಳ ಪಟ್ಟಿ ಇತ್ತು. ಪ್ರತಿ ಮಗುವಿನ ವಯಸ್ಸು, ಸೊಂಟದ ಅಗಲ, ಕಾಲಿನ ಉದ್ದ, ಕೊನೆಯಲ್ಲಿ ವೈದ್ಯರು ಬರೆದ ಒಂದು ಸಾಲು. ಆ ಪಟ್ಟಿ ಕಚೇರಿಯ ಬಾಗಿಲು ದಾಟಿ ಹೊರಗೆ ಬಂದೇ ಇರಲಿಲ್ಲ. ಕಚೇರಿಯೊಳಗೆ ಮಕ್ಕಳಾಗಿ ಬಂದದ್ದು, ವಿಭಾಗಗಳಿಗೆ ಹೋಗುವಾಗ ಬರೀ ಸಂಖ್ಯೆಯಾಗಿತ್ತು.

ಆ ಸಂಜೆಯೇ ಇಬ್ಬರೂ ಕೂತು ಒಂದು ಮಗುವಿಗೆ ಒಂದರಂತೆ ನೂರಿಪ್ಪತ್ತು ಕಾರ್ಡು ಬರೆದರು. ಬಾಗಿಲಷ್ಟು ದೊಡ್ಡ ಹಾಳೆ ಕೆಳಗಿಳಿಯಿತು. ಅದರ ಜಾಗದಲ್ಲಿ ಮೇಡಂ ಸ್ವಂತ ಕೈಬರಹದಲ್ಲಿ ಒಂದೇ ಸಾಲು ಬಂತು. “ಹೇಳಿದ ದಿನ, ಹೇಳಿದ ಮಗುವಿಗೆ, ಕೂರುವಂಥ ಕುರ್ಚಿ.” ಮತ್ತು ಒಂದೇ ನಿಯಮ: ಕಾರ್ಡು ತೋರಿಸದೆ ಉಗ್ರಾಣದಿಂದ ಒಂದು ಮೊಳೆಯೂ ಹೊರಗೆ ಹೋಗದು.

ಇಂಥ ನಿಯಮವನ್ನು ಬೀಗದಕ್ಕನ ಕೈಗೆ ಕೊಟ್ಟರೆ ಕೇಳಬೇಕೆ!

ಮರುದಿನ ಮೊದಲು ಬಂದವನು ಗಂಡ. “ಚೀಟಿ ಇದೆ, ಸಹಿ ಇದೆ. ಪೈಪ್ ಕೊಡು.”

“ಯಾವ ಮಗೂಗೆ?”

“ಯಾವ ಮಗು? ಅರವತ್ತು ಫ್ರೇಮ್‌ಗೆ.”

“ಫ್ರೇಮ್‌ಗೆ ಕೊಡಲ್ಲ. ಮಗೂಗೆ ಕೊಡ್ತೀನಿ. ಕಾರ್ಡ್ ತೋರ್ಸು.”

“ಲೇ, ಈ ತಿಂಗಳ ಹಸಿರು ಹೋಗತ್ತೆ ಕಣೇ!”

“ಹೋಗ್ಲಿ. ಹಿತ್ತಲಲ್ಲಿ ನಿನ್ನ ಫ್ರೇಮ್ ಮೇಲೆ ಹಾವಸೆ ಬೆಳೀತಿದೆ. ಅದೂ ಹಸಿರೇ, ಹೋಗಿ ನೋಡ್ಕೋ.”

ಪೈಪ್ ಮೇಸ್ತ್ರಿ ಎರಡು ದಿನ ಮಾತು ಬಿಟ್ಟ. ಊಟಕ್ಕೆ ಕೂತಾಗ ತಂಗಿಯ ಕಡೆ ತಿರುಗಿ, “ನಿಮ್ಮತ್ತಿಗೆಗೆ ಹೇಳು, ಉಪ್ಪು ಕೊಡೋಕೆ. ಕಾರ್ಡ್ ಬೇಕಾದ್ರೆ ಬರ್ಕೊಡ್ತೀನಿ” ಎನ್ನುತ್ತಿದ್ದ. ನಾದಿನಿ ತುತ್ತು ಬಾಯಲ್ಲಿಟ್ಟುಕೊಂಡೇ ಬಿದ್ದು ಬಿದ್ದು ನಕ್ಕಳು. ಕಾರ್ಖಾನೆಯಲ್ಲಿ ಮಾತ್ರ ನಗು ಕಡಿಮೆಯಿತ್ತು. ಗಾಲಿ ಮೇಸ್ತ್ರಿ, ಬೀಗದಕ್ಕನಿಗೆ ಕೆಲಸ ಉಳಿಯುತ್ತದೆ, ಅದಕ್ಕೇ ಬೇಕಂತಲೇ ಎಲ್ಲರ ಕೆಲಸಕ್ಕೆ ಅಡ್ಡಗಾಲು ಹಾಕುತ್ತಿದ್ದಾಳೆಂದು ಗುಸುಗುಸು ಹಬ್ಬಿಸಿದ. ಅದು ಅವಳ ಕಿವಿಗೂ ಬಿತ್ತು. ಉಗ್ರಾಣದ ಮೂಲೆಯಲ್ಲಿ ಸೆರಗು ಕಣ್ಣಿಗೊತ್ತಿಕೊಂಡು, ಮತ್ತೆ ಬಂದು ಕಿಟಕಿಯಲ್ಲಿ ಕೂತು, ಮುಂದಿನವನಿಗೆ “ಕಾರ್ಡ್ ಎಲ್ಲಿ?” ಎಂದಳು.

ಮೂರನೆಯ ದಿನ ಗಂಡ ಬೇರೆ ದಾರಿಯಿಲ್ಲದೆ ಕಾರ್ಡು ಹಿಡಿದು ಬಂದ. ಕಿಟಕಿಯಲ್ಲಿ ಕಾಯುತ್ತ ಅದನ್ನು ಓದಿದ. ಎಪ್ಪತ್ತೇಳನೆಯ ಕಾರ್ಡು. “ವಯಸ್ಸು ಏಳು. ಬಲಗೈಯಲ್ಲಿ ಹಿಡಿತವಿಲ್ಲ, ಎಡಗೈ ಗಟ್ಟಿ. ಬ್ರೇಕು ತಾನೇ ಹಾಕಿಕೊಳ್ಳಬೇಕೆಂದು ಹಟ.”

“ಹಟಮಾರಿ,” ಎಂದ ಪೈಪ್ ಮೇಸ್ತ್ರಿ. ಎರಡು ದಿನದ ಮೇಲೆ ಹೆಂಡತಿಯೆದುರು ಅವನು ಆಡಿದ ಮೊದಲ ಮಾತು ಅದು. ಇನ್ನೊಮ್ಮೆ ಓದಿದ. “ಹಂಗಾದ್ರೆ ಎಡಗಡೆ ಪೈಪ್ ಒಂದು ಬೆರಳು ಹೊರಗೆ ಬಗ್ಬೇಕು. ಇಲ್ದಿದ್ರೆ ಬ್ರೇಕ್ ಹಿಡಿ ಕೈಗೆ ಸಿಗಲ್ಲ.”

ಅವತ್ತು ಅವನು ಆ ಚೌಕಟ್ಟನ್ನು ಹಿತ್ತಲಿಗೆ ಎಸೆಯಲಿಲ್ಲ. ತಾನೇ ಹೆಗಲ ಮೇಲೆ ಹೊತ್ತುಕೊಂಡು ಗಾಲಿ ವಿಭಾಗಕ್ಕೆ ಹೋದ. ಹತ್ತು ವರ್ಷದಲ್ಲಿ ಅವನು ಆ ಹೊಸಿಲು ದಾಟಿದ್ದು ಅದೇ ಮೊದಲು. “ಇದಕ್ಕೆ ಸಣ್ಣ ಚಕ್ರ ಬೇಕು ಮಾರಾಯಾ,” ಎಂದ. ಗಾಲಿ ಮೇಸ್ತ್ರಿ ಮೀಸೆ ತಿರುವುತ್ತ ಕಾರ್ಡು ಓದಿ, ಸಣ್ಣ ಚಕ್ರಕ್ಕೆ ಕಡ್ಡಿ ಪೋಣಿಸಲು ಕೂತ. ದಪ್ಪ ಬೆರಳು, ಬೈಗುಳ ಬೇರೆ, ಆದರೂ ಪೋಣಿಸಿದ.

ಆಮೇಲೆ ಏನಾಯಿತೆಂದು ದೊಡ್ಡದಾಗಿ ಹೇಳುವುದೇನಿದೆ, ಕೆಲಸ ನಡೆಯಿತು. ಒಬ್ಬರಿಗೊಬ್ಬರು ಬೈದುಕೊಂಡೇ ನಡೆಯಿತು. ನಾದಿನಿ ಸೀಟಿನ ಅಳತೆ ಕೇಳಲು ದಿನಕ್ಕೆ ನಾಲ್ಕು ಸಲ ಅಣ್ಣನ ಹತ್ತಿರ ಓಡಿದಳು. ಒಂದು ವಾರ ಎಲ್ಲರ ಹಲಗೆಯೂ ಬೋಳು ಬೋಳಾಗಿತ್ತು. ಕುರ್ಚಿಗಳ ಸಾಲು ಮಾತ್ರ ಊಟದ ಕೋಣೆಯವರೆಗೂ ಬಂತು. ಜನ ತಟ್ಟೆ ಹಿಡಿದು ನಿಂತೇ ಉಂಡರು.

ನಲವತ್ತನೆಯ ದಿನ. ನಾಲ್ಕು ಗಂಟೆಗೆ ಲಾರಿ. ಎರಡೂವರೆಗೆ ನೂರಾ ಹತ್ತೊಂಬತ್ತು ಕುರ್ಚಿ ಲಾರಿಗೆ ಏರಲು ಸಿದ್ಧವಾಗಿ ಅಂಗಳದಲ್ಲಿ ನಿಂತಿದ್ದವು. ಒಂದು ಮಾತ್ರ ಪಕ್ಕಕ್ಕಿತ್ತು. ಎಪ್ಪತ್ತೇಳನೆಯದು. ಎಡಗೈ ಬ್ರೇಕಿಗೆ ಕಾಯುತ್ತಿತ್ತು. ಅಂಥ ಬ್ರೇಕು ಒಂಬತ್ತು ಕುರ್ಚಿಗೆ ಬೇಕಿತ್ತು, ಎಂಟಕ್ಕೆ ಹಾಕಿಯಾಗಿತ್ತು. ಹೊಸ ಸರಕು ಬರುತ್ತದೆಂದು ಮೂರು ದಿನದಿಂದ ಬೀಗದಕ್ಕ ಹೇಳುತ್ತಿದ್ದಳು. ಮೂರು ಗಂಟೆಗೆ ಫೋನ್ ಬಂತು. ಸರಕು ನಾಳೆ.

ಯಜಮಾನರು ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. “ನೂರಿಪ್ಪತ್ತು ಅಂದ್ರೆ ನೂರಿಪ್ಪತ್ತು,” ಎಂದರು, ಅಷ್ಟೇ.

ಎಲ್ಲರೂ ಉಗ್ರಾಣದ ಕಿಟಕಿಗೆ ಬಂದರು. “ಒಂದೂ ಇಲ್ವಾ ಅಕ್ಕಾ?” ಎಂದ ಗಾಲಿ ಮೇಸ್ತ್ರಿ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಬೇಡಿಕೊಳ್ಳುವ ಧಾಟಿಯಿತ್ತು.

“ಇಲ್ಲ ಅಂದ್ನಲ್ಲ! ಇದ್ರೆ ಕೊಡ್ತಿರ್ಲಿಲ್ವಾ? ನನಗೇನು ಹೊಟ್ಟೆ ಉರೀತಿಲ್ವಾ?” ಸುಳ್ಳಲ್ಲ, ಅವಳಿಗೆ ನಿಜವಾಗಿಯೂ ಅಳು ಬಂದಿತ್ತು.

ಪೈಪ್ ಮೇಸ್ತ್ರಿ ಗುಂಪು ಸರಿಸಿ ಮುಂದೆ ಬಂದ. ಇಪ್ಪತ್ತೆಂಟು ವರ್ಷ ಸಪ್ಪೆ ಚಹಾ ಕುಡಿದ ಮನುಷ್ಯ. ಕಿಟಕಿಗೆ ಬಾಗಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದ.

“ಇಲ್ವಾ? ಅಥವಾ ಕೊನೇದು ಇದ್ಯಾ?”

ಬೀಗದಕ್ಕನ ಕಣ್ಣು ಗೋಡೆಯ ಹಲಗೆಯ ಕಡೆ ಹೋಯಿತು. ಕಣ್ಣು ಗೋಡೆಯ ಹಲಗೆಯ ಕಡೆ ಹೋಯಿತು. ಅಲ್ಲಿ ಅವಳದೇ ಅಕ್ಷರದಲ್ಲಿ ಬರೆದಿತ್ತು: ಎಡಗೈ ಬ್ರೇಕು, ೧. ಮೂರು ದಿನದಿಂದ ಅದರ ಕೆಳಗೇ ಕೂತು ಇಲ್ಲ ಎನ್ನುತ್ತಿದ್ದಳು. ಕೊನೆಯದು ಅವಳ ಲೆಕ್ಕದಲ್ಲಿ ಕೊಡುವ ಸಾಮಾನೇ ಅಲ್ಲ. ಅದು ಮೇಜಿನ ಕೆಳಗಿನ ಡ್ರಾಯರಿನಲ್ಲಿ ಬೀಗದೊಳಗೆ ಇರಬೇಕಾದದ್ದು. ಇಪ್ಪತ್ತೆರಡು ವರ್ಷದಿಂದ ಕೈ ತಾನಾಗಿಯೇ ಅದನ್ನು ಅಲ್ಲಿ ಇಟ್ಟು ಮನಸ್ಸು ಮರೆತುಬಿಡುತ್ತಿತ್ತು.

ಅವಳಿಗೆ ನಾಚಿಕೆಯಾಯಿತು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆ. ಗಂಡನ ಹಸಿರು ಗುರುತನ್ನು ಹಾವಸೆ ಎಂದವಳು, ನಾದಿನಿಯ ಬಟ್ಟೆಯ ಲೆಕ್ಕವನ್ನು ಮೇಡಂ ಮುಂದೆ ಆಡಿಕೊಂಡವಳು, ತಾನೇನು ಮಾಡಿದ್ದಳು? ಅವಳಿಗೂ ಒಂದು ಹಲಗೆಯಿತ್ತು. ಆ ಹಲಗೆ ಚೆನ್ನಾಗಿರಲೆಂದು ಒಂದು ಮಗುವಿನ ಕುರ್ಚಿ ನಿಂತಿತ್ತು.

ಮೂವತ್ತೊಂದರಲ್ಲಿ ಆ ಕೀಲಿ ಯಾವುದೆಂದು ಅವಳ ಬೆರಳಿಗೆ ಗೊತ್ತಿತ್ತು, ಆದರೂ ಮೂರು ಸಲ ತಪ್ಪಿತು. ಡ್ರಾಯರು ಕಿರುಗುಟ್ಟಿ ತೆರೆಯಿತು. ಎಣ್ಣೆ ಕಾಗದದಲ್ಲಿ ಸುತ್ತಿದ ಬ್ರೇಕನ್ನು ತೆಗೆದು, ಯಾರ ಮುಖವನ್ನೂ ನೋಡದೆ ಕಿಟಕಿಯಿಂದ ಆಚೆ ಚಾಚಿದಳು.

“ತಪ್ಪಾಯ್ತು,” ಎಂದಳು. “ಇತ್ತು. ನಾನೇ ಇಟ್ಕೊಂಡಿದ್ದೆ.”

ಈಗ ಬೈಗುಳ ಬರುತ್ತದೆಂದು ಕಾದಳು. ಗಾಲಿ ಮೇಸ್ತ್ರಿಗೆ ಅವಕಾಶವೂ ಇತ್ತು, ಹಕ್ಕೂ ಇತ್ತು. ಅವನು ಬ್ರೇಕನ್ನು ಎರಡು ಕೈಯಲ್ಲಿ ಇಸಿದುಕೊಂಡು, “ಚೀಟಿ ಆಮೇಲೆ ಕೊಡ್ತೀನಿ ಅಕ್ಕಾ” ಎಂದು ಓಡಿದ. ಆ ದಪ್ಪ ಮೈ ಹೊತ್ತು ಅವನು ಓಡಿದ್ದನ್ನು ಕಾರ್ಖಾನೆ ಕಂಡದ್ದು ಅದೇ ಮೊದಲು.

ಬೀಗದಕ್ಕ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮುಂದೆ ನಿಂತಳು. ಒಂದನ್ನು ಒರೆಸಿದಳು. ದೊಡ್ಡದಾಗಿ ಒಂದು ಸೊನ್ನೆ ಬರೆದಳು.

ಮೂರೂ ಐವತ್ತಕ್ಕೆ ಪೈಪ್ ಮೇಸ್ತ್ರಿ ಎಪ್ಪತ್ತೇಳನೆಯ ಕುರ್ಚಿಯಲ್ಲಿ ಮಕ್ಕಳ ಸ್ಟೂಲಿನ ಮೇಲೆ ಕೂತವನ ಹಾಗೆ ಮುದುಡಿ ಕೂತು, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ಬ್ರೇಕು ಹಾಕಿ ನೋಡಿದ. ಹಿಡಿಯಿತು. ನಾಲ್ಕು ಗಂಟೆಗೆ ಲಾರಿ ಹೊರಟಿತು. ಯಜಮಾನರು ಗೇಟು ಮುಚ್ಚುವವರೆಗೂ ನೋಡಿ, ಎದ್ದು, ಮೈ ಮುರಿದು, ಮಗಳಿಗೆ ಹೇಳಿದರು. “ಬರೋ ತಿಂಗಳಿಗೆ ಪೈಪ್ ಕಡಿಮೆ ಇದೆ ಅಲ್ವಾ? ತರಿಸು. ಇವರು ಸುಮ್ನೆ ಕೂರಬಾರದು.”

ಅರವತ್ತೆರಡು ಜನರಿಗೂ ಅಷ್ಟು ಮಾತೇ ಸಾಕಿತ್ತು. ನಾದಿನಿ ಅಣ್ಣನ ತೋಳು ಹಿಡಿದು ಜೋರಾಗಿ ಅತ್ತಳು. ಉಗ್ರಾಣದ ಕಿಟಕಿಯೊಳಗೆ ಬೀಗದಕ್ಕ ಕೂಡ ಅತ್ತಳು, ಆದರೆ ಬೆನ್ನು ತಿರುಗಿಸಿಕೊಂಡು.

ಮಾರನೆಯ ಬೆಳಿಗ್ಗೆ ಗಂಡ ಎಂದಿಗಿಂತ ಅರ್ಧ ಗಂಟೆ ಮೊದಲೇ ಮನೆ ಬಿಟ್ಟಿದ್ದ. ಬೀಗದಕ್ಕ ಉಗ್ರಾಣಕ್ಕೆ ಬಂದರೆ ಬೀಗ ತೆರೆದಿತ್ತು, ಅವಳ ಗೊಂಚಲಿನಿಂದ ಜಾರಿಸಿದ್ದ ಕೀಲಿ ಅದರಲ್ಲೇ ನೇತಾಡುತ್ತಿತ್ತು. ಒಳಗೆ ಹೋಗಿ ದೀಪ ಹಾಕಿದಳು. ಹಲಗೆಯಲ್ಲಿ ಏನೋ ಬೇರೆಯಾಗಿತ್ತು. ಹತ್ತಿರ ಹೋದಳು. ಎಡಗೈ ಬ್ರೇಕಿನ ಮುಂದೆ ಅವಳು ಬರೆದ ಸೊನ್ನೆಯೊಳಗೆ ಯಾರೋ ಅಂಚು ತಪ್ಪದಂತೆ, ನಿಧಾನವಾಗಿ, ಹಸಿರು ಬಣ್ಣ ತುಂಬಿದ್ದರು. ಬಣ್ಣ ಇನ್ನೂ ಆರಿರಲಿಲ್ಲ.

ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದಳು. ಅಂಗಳದಾಚೆ ಪೈಪ್ ಮೇಸ್ತ್ರಿ ಹಸಿರು ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಏನೂ ಅರಿಯದವನ ಹಾಗೆ ಪೈಪು ಎಣಿಸುತ್ತಿದ್ದ.

“ಲೋ!” ಎಂದು ಕೂಗಿದಳು, ಇಡೀ ಕಾರ್ಖಾನೆಗೆ ಕೇಳಿಸುವಂತೆ. “ಬಣ್ಣ ಯಾರನ್ನ ಕೇಳಿ ತಗೊಂಡೆ? ಚೀಟಿ ಎಲ್ಲಿ?”